ಅಜ್ಜಿ ಒಪ್ಪಿಕೊಂಡ ಸುಳ್ಳು

ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು ನಾನು. ನಿಜವನ್ನು ಸಾಧಿಸಲು ಮೊದಲು ಸುಳ್ಳನ್ನು ಒಪ್ಪಿಕೊಳ್ಳುವ ಪಾಠ ಬಂದಾಗಲೆಲ್ಲ ದೇವರೆದುರು ತಪ್ಪು ಮಾಡಿದಂತೆ ಅಳುಕು. ಒಮ್ಮೆ ಬ್ಯಾಡಗಿ ಪೇಟೆಯಲ್ಲಿ ದಲಾಲಿಯೊಬ್ಬ ಕುಪ್ಪೇಲೂರಿನ ಅಜ್ಜಿಯೊಬ್ಬಳ ಒಣಮೆಣಸಿನಕಾಯಿ ಚೀಲ ತಳ್ಳಿ, "ತೂಕಕ್ಕ ನೀರ ಹೊಡದೀಯಬೇ, ಕಳ್ಳಿ!" ಎಂದ. ಜನ ಸೇರಿದರು, ನಾನೂ ನಿಂತೆ.

"ಹೊಡದೀನಿ ಅಂತನ ಇಟ್ಕೋ," ಎಂದಳು ಅಜ್ಜಿ. "ತೊಯ್ದಿದ್ರ ಬೀಜ ಅಂಟ್ಕೊಂಡು ಸಪ್ಪಳ ಆಗಬಾರ್ದು, ಹೌದಿಲ್ಲೋ? ಯಾವ ಕಾಯಿ ಬೇಕಾದ್ರೂ ಕಿವೀ ಹತ್ರ ಅಲ್ಲಾಡಿಸು."

ಅವನು ಒಂದೊಂದೇ ಅಲ್ಲಾಡಿಸಿದ. ಎಲ್ಲವೂ ಗಲಗಲ ಎಂದವು.

"ಸಪ್ಪಳ ಆತು. ಅಂದಮ್ಯಾಲೆ ನೀರ ಹೊಡದಿಲ್ಲ."

"ತಪ್ಪಾತು ಯವ್ವಾ," ಎಂದ ದಲಾಲಿ.

ಶಿವನೇ ಬಂದು ಪಾಠ ಹೇಳಿದಂತಾಗಿ ನಾನು ಕೈಮುಗಿದೆ. "ನನಗ್ಯಾಕ ಮುಗೀತೀರಿ? ಕಾಯಿ ಬೇಕನ?" ಎಂದಳು. ಅವಳು ಮೂರು ಮಾತಿನಲ್ಲಿ ಮುಗಿಸಿದ್ದನ್ನು ನಾನು ಮೂರು ವಾರ ಕಲಿಸುತ್ತೇನೆ. ಆದರೂ ಅರ್ಧ ತರಗತಿ ಫೇಲಾಗುತ್ತದೆ.