ಆಯಿ ಕಟ್ಟಿದ ಕೊನೆಯ ದಂಡೆ

ಹಬ್ಬುವಾಡದ ನಮ್ಮ ಮನೆಯಲ್ಲಿ ಕೂತು ಯಾರ್ಯಾರದೋ ಮದುವೆಯ ಹೂಗಳನ್ನೆಲ್ಲ ಒಣಗಿಸಿ, ರೆಸಿನ್ ಎಂಬ ಅಂಟುದ್ರವ ಸುರಿದು, ಗಾಜಿನಂಥ ಬಿಲ್ಲೆ ಮಾಡಿ ಕೊಟ್ಟಿದ್ದೇನೆ. ಒಂದೂ ಕೆಟ್ಟಿಲ್ಲ. ಕೆಟ್ಟದ್ದು ನನ್ನದೇ ಒಂದು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದು ಆಯಿ ಕಟ್ಟಿದ, ಮುಡಿಯುವ ಅಬ್ಬಲಿಗೆ ಹೂವಿನ ದಂಡೆ. ಆಯಿಯೆಂದರೆ ನನ್ನ ಅಮ್ಮ; ಮಗಳಾದ ನನ್ನನ್ನು ಕರೆಯುವುದು 'ತಂಗೀ' ಎಂದೇ. ತನ್ನೂರು ಬೆಳಂಬಾರದಲ್ಲಿದ್ದಾಗ ಬಾಳೆನಾರು ಹಿಡಿದು ಕೂತರೆ ಆಡುವ ಮಾತು ಮುಗಿಯುವುದರೊಳಗೆ ಮೊಳ ಹೂ ಕಟ್ಟುತ್ತಿದ್ದವಳು. ಕೈ ನಡುಗತೊಡಗಿದ ಮೇಲೆ ನಮ್ಮಲ್ಲಿಗೆ ಬಂದಳು. ಈ ಬೇಸಿಗೆಯಲ್ಲಿ ಹಟ ಹಿಡಿದು, ಒಂದು ಇಡೀ ಬೆಳಗು ಕೂತು, ಗೇಣುದ್ದ ಕಟ್ಟಿದಳು. ನಾರು ಕೆಳಗಿಟ್ಟು, ಇನ್ನು ತನ್ನಿಂದಾಗದು ಎಂದಳು. ಆ ಗೇಣುದ್ದವನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು ನನಗೆ.

ತೇವ ಹೀರುವ ಸಿಲಿಕಾ ಹರಳುಗಳ ಡಬ್ಬಿಯಲ್ಲಿ ಎಂಟು ದಿನ ಹೂತಿಟ್ಟೆ. ಬಣ್ಣ ಮಾಸದೆ, ಗರಿಗರಿಯಾಗಿ ಹೊರಬಂತು. ತಟ್ಟೆಯಲ್ಲಿಟ್ಟು, ಒಳಕೋಣೆಗೆ ಹೋಗಿ ರೆಸಿನ್ನಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಕಲಕಿದೆ. ಬೆರೆಸಿದ ಮೇಲೆ ತಡ ಮಾಡುವಂತಿಲ್ಲ. ಬಂದವಳೇ ದಂಡೆಯನ್ನು ಚಿಮಟದಲ್ಲೆತ್ತಿ ಅಚ್ಚಿನೊಳಗಿಟ್ಟು ಸುರಿದುಬಿಟ್ಟೆ.

ಮರುದಿನ ನೋಡಿದರೆ ಹೂವಿನ ಸುತ್ತ ಗಂಜಿತಿಳಿಯಂಥ ಬಿಳಿ ಮಸುಕು, ಮೈತುಂಬ ಗುಳ್ಳೆ. ಹೂವು ಕಂದಿತ್ತು. ನೀರು ತಾಗದೆ ಹೀಗಾಗುವುದಿಲ್ಲ. ಆಯಿಯನ್ನು ಕೇಳಿದೆ. ಅವಳು ಏನನ್ನೂ ಮುಚ್ಚಿಡಲಿಲ್ಲ.

"ಒಣಗಿ ಹೋಗಿತ್ತಲೆ ತಂಗೀ. ಆಚೆ ಹೋಗ್ವಾಗ ಎರಡು ಹನಿ ನೀರು ಚಿಮುಕ್ಸಿದೆ."

ನಮ್ಮ ಕಡೆ ಯಾರ ಮನೆಯಲ್ಲಾದರೂ ಅಷ್ಟೇ. ಬಾಳೆಲೆಯಲ್ಲೋ ತಟ್ಟೆಯಲ್ಲೋ ದಂಡೆ ಕಂಡರೆ, ಹಾದುಹೋಗುವವರು ಕೈಯದ್ದಿ ನೀರು ಚಿಮುಕಿಸಿಯೇ ಮುಂದೆ ಹೋಗುವುದು. ಮುಡಿಯುವವರೆಗೆ ಬಾಡಬಾರದಲ್ಲ. ನಾನೂ ಹಾಗೇ ಬೆಳೆದವಳು. ಆದರೂ ಇದಕ್ಕೆ ನೀರು ತಾಗಿಸಬೇಡ ಎಂದು ಅವಳಿಗೆ ಒಂದು ಮಾತು ಹೇಳಿಡಲಿಲ್ಲ. ಸುರಿಯುವ ಮೊದಲು ಮುಟ್ಟಿಯೂ ನೋಡಲಿಲ್ಲ. ನನ್ನ ಮೇಲಿನ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿಕೊಂಡೆ.

"ಕಟ್ಟೂಕೆ ಆಗುದಿಲ್ಲ, ಕೆಡ್ಸೂಕೆ ಮಾತ್ರ ಆಗ್ತದೆ ನಿನ್ ಕೈಗೆ," ಅಂದೆ.

ಆಯಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಎಸೆಯಲು ಮನಸ್ಸಾಗದೆ ಆ ಬಿಲ್ಲೆಯನ್ನು ಕಪಾಟಿನಲ್ಲಿ ಇಟ್ಟಿದ್ದೇನೆ. ಬೇರೆ ರೆಸಿನ್ ತಂದು ಮತ್ತೆ ಮಾಡೋಣವೆಂದರೆ ಅಂಥ ದಂಡೆ ಎಲ್ಲಿಂದ ತರಲಿ? ಅಂದಿನಿಂದ ಬೆಳಿಗ್ಗೆ ದೇವರಿಗೆ ತಂದ ಹೂವಿನ ಮುಂದೆಯೂ ಆಯಿ ತಂಬಿಗೆ ಹಿಡಿದು ನಿಂತು ನನಗಾಗಿ ಕಾಯುತ್ತಾಳೆ.

"ನೀರು ಹಾಕ್ಲಾ ತಂಗೀ?" ಎಂದು ಕೇಳುತ್ತಾಳೆ.