ಬೆನ್ನ ಮೇಲಿನ ಏಟು

ಮನೆಯಲ್ಲೂ ವ್ಯಾಯಾಮಶಾಲೆಯಲ್ಲೂ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗುಂಡಮ್ಮ ಎಂದೇ. ಹಗಲು ಬಟ್ಟೆ ಅಂಗಡಿಯಲ್ಲಿ ಥಾನು ಹೊರುವ ಕೆಲಸ, ಸಂಜೆ ಭಾರ ಎತ್ತುವ ಅಭ್ಯಾಸ. ಕಲಿಸಿದವನು ಅಪ್ಪ. ಭುಜ ಕಳಚಿ ಆಟ ಬಿಟ್ಟಿದ್ದ ಅವನು ಮಗಳ ಮೇಲೆ ಜೀವವನ್ನೇ ಇಟ್ಟಿದ್ದ. ಹಿಡಿತ ಜಾರದಂತೆ ಅವಳು ಅಂಗೈಗೆ ಪುಡಿ ಬಳಿದು, ಸೊಂಟದ ಪಟ್ಟಿ ಬಿಗಿದು, ಕಣ್ಣು ಮುಚ್ಚಿ ಉಸಿರೆಳೆದೊಡನೆ ಅಪ್ಪ ಬೆನ್ನಿಗೆ ಫಟ್ಟೆಂದು ಬಾರಿಸಿ, "ಎತ್ತೇ!" ಎಂದು ಅಬ್ಬರಿಸುತ್ತಿದ್ದ. ಆಮೇಲೆಯೇ ಅವಳು ಭಾರದ ಕಂಬಿ ಮುಟ್ಟುವುದು.

ರಾಜ್ಯ ತಂಡದ ಆಯ್ಕೆಗೆ ಮುಂಚಿನ ಶಿಬಿರಕ್ಕೆ ಒಬ್ಬ ಸಂಶೋಧಕಿ ಬಂದರು. ಆಟಗಾರರ ತಲೆಗೆ ತಂತಿಗಳ ಟೋಪಿ ತೊಡಿಸಿ, ಮಿದುಳಿನ ಅಲೆಗಳನ್ನು ಪರದೆಯ ಮೇಲೆ ನೋಡುವುದು ಅವರ ಕೆಲಸ.

"ಮನಸ್ಸಲ್ಲಿರೋದೆಲ್ಲ ಕಾಣುತ್ತಾ ಮೇಡಂ?" ಗುಂಡಮ್ಮನಿಗೆ ದಿಗಿಲು.

"ಇಲ್ಲಮ್ಮ. ಮನಸ್ಸು ಒಂದೇ ಕಡೆ ನಿಂತಿದೆಯೋ, ಚದುರಿದೆಯೋ, ಅಷ್ಟರ ಸುಳಿವು ಸಿಗುತ್ತೆ."

ವಾರ ಕಳೆದ ಮೇಲೆ ಅವರು ಅಪ್ಪ–ಮಗಳನ್ನು ಕೂರಿಸಿಕೊಂಡರು. ಪರದೆಯ ಗೆರೆಗಳ ಪ್ರಕಾರ, ಉಸಿರೆಳೆಯುವಾಗ ನೆಲೆ ನಿಂತ ಗಮನ ಏಟಿನ ನಂತರ ಚೆಲ್ಲಾಪಿಲ್ಲಿಯಾಗುತ್ತಿತ್ತು.

"ಹೊಡೆದ್ರೆ ತಂತಿ ಅಲ್ಲಾಡುತ್ತೆ. ಗೆರೆ ಕುಣೀದೆ ಇರುತ್ತೇನ್ರೀ?" ಅಪ್ಪ ಗುರ್ರೆಂದ.

"ಆ ಅಲ್ಲಾಟ ಬಿಟ್ಟೇ ನೋಡಿದೀನಿ. ಕಂಬಿ ಹಿಡಿಯೋವರೆಗೂ ಅವಳು ತಹಬಂದಿಗೆ ಬರಲ್ಲ. ನೀವು ಹೊರಗೆ ಹೋಗಿದ್ದಾಗ ಹಾಗಾಗಿಲ್ಲ."

ಅಪ್ಪ ಮಗಳತ್ತ ತಿರುಗಿದ. "ನಿಂಗೂ ಹಾಗನ್ಸುತ್ತಾ?"

"ಏಟು ಯಾವಾಗ ಬೀಳುತ್ತೋ ಅಂತ ಕಾಯ್ತಿರ್ತೀನಪ್ಪ. ಬಿದ್ದ ಮೇಲೆ ಉರಿಯೊಂದೇ ಗೊತ್ತಾಗುತ್ತೆ."

"ಸರಿ. ಇನ್ಮೇಲೆ ಆ ಟೋಪೀನೇ ನಿನ್ನ ಗುರು." ಅಪ್ಪ ಟವೆಲ್ ಕೊಡವಿಕೊಂಡು ಎದ್ದುಹೋದ.

ಮನೆಯಲ್ಲೂ ಮಾತು ನಿಂತಿತು. "ಇಬ್ಬರೂ ಹೀಗೆ ಮುಖ ಗಂಟು ಹಾಕ್ಕೊಂಡಿದ್ರೆ ಈ ಮನೆ ಭಾರ ನಾನೊಬ್ಳೇ ಎತ್ತಬೇಕು," ಎಂದಳು ಅಮ್ಮ. ಯಾರೂ ನಗಲಿಲ್ಲ.

ಆಯ್ಕೆಯ ದಿನ ಅಪ್ಪ ಬಂದ. ಮೊದಲ ಯತ್ನಕ್ಕೆ ಅಭ್ಯಾಸಬಲದಿಂದ ಅವನ ಕೈ ಅವಳ ಬೆನ್ನಿಗೆ ಬಿದ್ದೇಬಿಟ್ಟಿತು. ಕಂಬಿ ಅವಳ ಬೆನ್ನ ಹಿಂದಕ್ಕೆ ಉರುಳಿತು. ಎರಡನೆಯದಕ್ಕೆ ಅವನು ಮುಟ್ಟಲಿಲ್ಲ. ಆದರೂ ಅವಳ ಬೆನ್ನು ಏಟಿಗಾಗಿಯೇ ಕಾಯುತ್ತಿತ್ತು. ಕಂಬಿ ಎದೆಯ ಮಟ್ಟಕ್ಕೂ ಏರಲಿಲ್ಲ. ಉಳಿದದ್ದು ಒಂದೇ ಯತ್ನ.

ಪುಡಿ ಬಳಿಯುವುದನ್ನು ಅರ್ಧಕ್ಕೆ ಬಿಟ್ಟಳು. ಅವಳು ಅಪ್ಪನ ಹತ್ತಿರ ಬಂದು ಮೆಲ್ಲಗೆ ಅಂದಳು: "ಅಪ್ಪಾ, ನೀನು ಹೊರಗೆ ನಿಂತ್ಕೋ. ಬೇಜಾರು ಮಾಡ್ಕೋಬೇಡ."

ಅಪ್ಪ ಬಾಗಿಲು ದಾಟಿ, ಗೋಡೆಗೆ ಹಣೆ ಆನಿಸಿ ನಿಂತ. ಒಳಗೆ ನಿಶ್ಶಬ್ದ. ಆಮೇಲೆ ಧಡಾರೆಂದು ಕಬ್ಬಿಣ ನೆಲಕ್ಕೆ ಬಿದ್ದ ಸದ್ದು. ಆಯ್ಕೆ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಸಂಶೋಧಕಿಯತ್ತ ತಿರುಗಿಯೂ ನೋಡದೆ ಕೇಳಿದ:

"ಕೈ ಜಾರಿ ಬಿತ್ತಾ? ಎತ್ತಿ ಇಳಿಸಿದ್ಲಾ?"

"ಎತ್ತಿಯೇ ಇಳಿಸಿದ್ಲು. ತೀರ್ಪುಗಾರರ ಬಿಳಿ ದೀಪ ಬಂತು, ಪಾಸು."

ಅಪ್ಪ ಗೋಡೆಗುಂಟ ಜಾರಿ ಕುಳಿತುಬಿಟ್ಟ.

ತಂಡದ ಕೊನೆಯ ಜಾಗ ಗುಂಡಮ್ಮನಿಗೆ ಸಿಕ್ಕಿತು. ಬೆವರು ಒರೆಸುತ್ತ ಹೊರಬಂದವಳನ್ನು ಅಪ್ಪ ಮೇಲಿಂದ ಕೆಳಗೆ ನೋಡಿದ. "ಎಡಮೊಣಕೈ ಬಾಗಿತ್ತು, ಅಲ್ವಾ?"

"ನೀನು ನೋಡ್ಲೇ ಇಲ್ವಲ್ಲಪ್ಪ!"

"ಬಾಗಿರುತ್ತೆ," ಎಂದ ಅಪ್ಪ. "ನಾಳೆ ಸರಿ ಮಾಡೋಣ."