ಯಲ್ಲಮ್ಮನ ಎಡಗೈ ಹೊಲಿಗೆ

ನಮ್ಮ ಚಿಕ್ಕಮ್ಮ ಯಲ್ಲಮ್ಮ ಎಡಚಿ. ಐವತ್ತರ ದಶಕದ ಯಲಹಂಕದಲ್ಲಿ ಅದೇನು ಸಣ್ಣ ಅಪರಾಧವೇ? ಸೊಪ್ಪು ಬಿಡಿಸಲು ಎಡಗೈ ಮುಂದೆ ಬಂದರೂ ಸಾಕು, ಅವಳ ಅತ್ತೆ ಗಂಗರತ್ನಮ್ಮ ಫಟ್ಟನೆ ಹೊಡೆಯುತ್ತಿದ್ದರು. ಆ ಮುದುಕಿಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಚಿಕ್ಕಮ್ಮನಿಗೆ ಇದ್ದದ್ದು ಒಂದೇ ಆಸೆ, ಹೊಲಿಗೆ ಕೆಲಸ ಹಿಡಿಯಬೇಕು. ಜಾಲಹಳ್ಳಿಗೆ ಕಾರ್ಖಾನೆಗಳು ಬಂದು ಗಿರಾಕಿಗಳು ಹೆಚ್ಚಿದ ಮೇಲೆ ಪಕ್ಕದ ಮನೆಯ ದರ್ಜಿ ಖಾದರ್ ಬಾಷಾರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಅಂಗಿಯ ಅಂಚು ಹೊಲಿಯಲು, ಗುಂಡಿ ತೂರಿಸುವ ಕಾಜಾ ಹಾಕಲು ಅವರಿಗೆ ಕೈ ಬೇಕಿತ್ತು. ಆದರೆ ಒಂದು ಅಂಗಿ ಚೆನ್ನಾಗಿ ಮುಗಿಸಿ ತೋರಿಸಿದವರಿಗೆ ಮಾತ್ರ ಕೆಲಸ.

ಕಲಿಸಲು ಕೂತವರು ಬಾಷಾರ ಹೆಂಡತಿ ಕುಲ್ಸುಮ್. ಅವರು ಪಕ್ಕದಲ್ಲಿ ಕೂತು ತೋರಿಸುವರು, ಚಿಕ್ಕಮ್ಮ ಅತ್ತೆಯ ಭಯಕ್ಕೆ ಬಲಗೈಯಲ್ಲೇ ಒದ್ದಾಡುವಳು. ಹೊಲಿಗೆ ಸೊಟ್ಟ, ದಾರವೆಲ್ಲ ಗಂಟು, ಬೆರಳ ತುಂಬ ಸೂಜಿ ಗಾಯ. ಕದ್ದು ಎಡಗೈಗೆ ಬದಲಾಯಿಸಿದರೆ ನೋಡಿದ್ದೆಲ್ಲ ತಿರುವುಮುರುವು.

ಒಂದು ದಿನ ಕುಲ್ಸುಮ್ ಪಕ್ಕದಲ್ಲಿ ಮಗು ಮಲಗಿತ್ತು. ಜಾಗವಿಲ್ಲದೆ ಚಿಕ್ಕಮ್ಮ ಎದುರಿಗೆ ಕೂತಳು.

“ಅಕ್ಕಾ, ಎಡಗೈಯಲ್ಲೇ ಮಾಡಿ. ಇಲ್ಲಿ ನಿಮ್ಮತ್ತೆ ಇಲ್ಲ,” ಎಂದರು ಕುಲ್ಸುಮ್.

ಎದುರಿನ ಬಲಗೈ ಯಾವ ಕಡೆ ಹೋಯಿತೋ ಇವಳ ಎಡಗೈಯೂ ಆ ಕಡೆಗೇ ಹೋಯಿತು, ಕನ್ನಡಿ ನೋಡಿಕೊಂಡ ಹಾಗೆ. ಸಾದಾ ಹೊಲಿಗೆ ನೆಟ್ಟಗೆ ಓಡಿತು. ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋಗುವ ಬಖಿಯಾ ಬಿಗಿಯಾಗಿ ಕೂತಿತು. ಆಮೇಲೆ ಅಂಚು, ಕೊನೆಗೆ ಕಾಜಾ. ಚಿಕ್ಕಮ್ಮ ಖುಷಿಗೆ ಅತ್ತೇಬಿಟ್ಟಳು.

ಅಂಗಿ ಒಪ್ಪಿಸುವ ದಿನ ಗಂಗರತ್ನಮ್ಮನಿಗೆ ಹೇಗೋ ಸುದ್ದಿ ಮುಟ್ಟಿತು. ಅವರು ಅಂಗಡಿಗೇ ನುಗ್ಗಿದರು.

“ಬಾಷಾ, ಎಡಗೈಯಾಗೆ ಒಲಿದಿದ್ದನ್ನ ಜನಕ್ಕೆ ಆಕ್ಕೊಳಕ್ಕೆ ಕೊಡ್ತೀಯೇನಪ್ಪ? ಇವಳಿಗೆ ಕೆಲಸ ಕೊಡಬ್ಯಾಡ!”

ಬಾಷಾ ಎರಡು ಅಂಗಿ ತಂದು ಹಾಸಿದರು.

“ಎಡಗೈದು ಯಾವ್ದು, ನೀವೇ ಹೇಳಮ್ಮ.”

ಮುದುಕಿ ಎರಡನ್ನೂ ಬೆಳಕಿಗೆ ಹಿಡಿದು, ಎಳೆದು, ಮಡಿಚಿ ನೋಡಿ, ಒಂದನ್ನು ಪಕ್ಕಕ್ಕೆ ಎಸೆದರು.

“ಇದೇ. ನೋಡಿದ್ರೆ ಗೊತ್ತಾಗಲ್ವಾ ಇದ್ರ ಅಂದ?”

“ಅದು ನಮ್ಮ ಮನೆಯವಳು ಹೊಲಿದಿದ್ದು ಕಣಮ್ಮ,” ಎಂದರು ಬಾಷಾ.

ಒಳಗಿನಿಂದ ಕುಲ್ಸುಮ್ ನಕ್ಕಿದ್ದು ಬೀದಿಗೆಲ್ಲ ಕೇಳಿತು. ಮರುದಿನ ಬೆಳಗ್ಗೆ ಚಿಕ್ಕಮ್ಮ ಅಂಗಿಗಳ ರಾಶಿ ಇಟ್ಟುಕೊಂಡು ತನ್ನ ಮನೆಯ ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂತು, ಎಡಗೈಯಲ್ಲಿ ಹೊಲಿಯತೊಡಗಿದಳು.